ಮನೆಯಲ್ಲೇ ಮಜ್ಜಿಗೆ ಇದೆ, ಕೊಲೈಟಿಸ್ ಮಾತ್ರೆ ಬಿಡಬಹುದಾ?

ಪ್ರಶ್ನೆ: ನನ್ನ ತಮ್ಮನಿಗೆ ಅಲ್ಸರೇಟಿವ್ ಕೊಲೈಟಿಸ್ (ದೊಡ್ಡ ಕರುಳಿನ ಒಳಪದರದಲ್ಲಿ ಉರಿಯೂತ, ಹುಣ್ಣು) ಇದೆ. ಮೆಸಲಮೈನ್ ಮಾತ್ರೆ ಶುರು ಮಾಡಿದ ಮೇಲೆ ಮಲದಲ್ಲಿ ರಕ್ತ ಹೋಗೋದು ನಿಂತು ಆರು ತಿಂಗಳಾಯ್ತು. ಈಗ ಅಮ್ಮ, "ಮಜ್ಜಿಗೆಯಲ್ಲೇ ಒಳ್ಳೆ ಬ್ಯಾಕ್ಟೀರಿಯಾ ಇರುತ್ತಂತೆ, ಮಾತ್ರೆ ಸಾಕು ಮಾಡು" ಅಂತಾರೆ. ಮೆಡಿಕಲ್ ಶಾಪ್‌ನಲ್ಲಿ ಕೇಳಿದ್ರೆ ಪ್ರೋಬಯಾಟಿಕ್ ಅಂತ, ಒಳ್ಳೆ ಬ್ಯಾಕ್ಟೀರಿಯಾ ಇರೋ ಮಾತ್ರೆಯ ಒಂದು ಸ್ಟ್ರಿಪ್ ಕೊಟ್ಟರು. ಮಾತ್ರೆ ಬಿಟ್ಟು ಇದನ್ನೇ ತಗೋಬಹುದಾ?
(ದಾವಣಗೆರೆಯ ಓದುಗರೊಬ್ಬರು)

ಬಿಡಬೇಡಿ. ರಕ್ತ ನಿಂತಿದೆ ಅಂದರೆ ಮಾತ್ರೆ ಕೆಲಸ ಮಾಡುತ್ತಿದೆ ಎಂದರ್ಥ, ಅದರ ಕೆಲಸ ಮುಗಿಯಿತು ಎಂದಲ್ಲ. ಈ ಕಾಯಿಲೆಯಲ್ಲಿ ಆರಾಮಾಗಿದ್ದೀನಿ ಎಂದು ಮಾತ್ರೆ ನಿಲ್ಲಿಸಿದವರಿಗೇ ಅದು ಮತ್ತೆ ಕಾಣಿಸಿಕೊಳ್ಳುವುದು ಜಾಸ್ತಿ.

ಹಾಗಂತ ನಿಮ್ಮ ಅಮ್ಮನ ಮಾತನ್ನು ತಳ್ಳಿಹಾಕುವಂತಿಲ್ಲ. ಬ್ಯಾಕ್ಟೀರಿಯಾ ಕೊಟ್ಟು ಕರುಳಿನ ಉರಿಯೂತ ಇಳಿಸಬಹುದು ಎಂಬ ಯೋಚನೆಗೆ ನೂರು ವರ್ಷ ದಾಟಿದೆ. ಮೊದಲ ಮಹಾಯುದ್ಧದ ಹೊತ್ತಿನಲ್ಲಿ ಜೊತೆಯವರೆಲ್ಲ ಭೇದಿಯಿಂದ ಹಾಸಿಗೆ ಹಿಡಿದರೂ ಒಬ್ಬ ಸೈನಿಕ ಗಟ್ಟಿಯಾಗಿಯೇ ಓಡಾಡಿಕೊಂಡಿದ್ದ. ಇವನಿಗೇಕೆ ಏನೂ ಆಗಲಿಲ್ಲ ಎಂಬ ಕುತೂಹಲಕ್ಕೆ ಆಲ್ಫ್ರೆಡ್ ನಿಸ್ಲೆ ಎಂಬ ಜರ್ಮನ್ ವೈದ್ಯ 1917ರಲ್ಲಿ ಆ ಸೈನಿಕನ ಮಲ ಪರೀಕ್ಷಿಸಿ, ಅದರಿಂದ ಒಂದು ಬ್ಯಾಕ್ಟೀರಿಯಾ ಬೇರ್ಪಡಿಸಿದ. ಅದು ಯಾವುದು ಗೊತ್ತೇ? ಇ. ಕೋಲಿ! ನಲ್ಲಿ ನೀರಿನ ಪರೀಕ್ಷೆಯಲ್ಲಿ ಕಂಡರೆ ನಾವು ಗಾಬರಿಯಾಗುತ್ತೇವಲ್ಲ, ಅದೇ ಕುಲದ್ದು, ಆದರೆ ಸಾಧು ತಳಿ. ಇವತ್ತಿಗೂ ಅದರ ಹೆಸರು 'ಇ. ಕೋಲಿ ನಿಸ್ಲೆ 1917'. ಕೊಲೈಟಿಸ್ ಹತೋಟಿಯಲ್ಲಿದ್ದ 327 ಜನರ ಮೇಲೆ ಇದನ್ನು ಮೆಸಲಮೈನ್ ಜೊತೆ ಹೋಲಿಸಿ ಒಂದು ವರ್ಷ ನೋಡಿದ ಫಲಿತಾಂಶ 2004ರಲ್ಲಿ ಪ್ರಕಟವಾಯಿತು. ಪೂರ್ತಿ ಕ್ರಮ ಪಾಲಿಸಿದವರಲ್ಲಿ ಕಾಯಿಲೆ ಮರುಕಳಿಸಿದ್ದು ಬ್ಯಾಕ್ಟೀರಿಯಾ ತಗೊಂಡವರ ಪೈಕಿ ಶೇ 36.4, ಮಾತ್ರೆ ತಗೊಂಡವರ ಪೈಕಿ ಶೇ 33.9. ಹೆಚ್ಚುಕಡಿಮೆ ಸಮ.

"ಮತ್ತೆ ನಮ್ಮಮ್ಮ ಹೇಳಿದ್ದು ಸರಿ ಆಯ್ತಲ್ಲ" ಅನ್ನಬೇಡಿ. ಆ ತಳಿ ಮಜ್ಜಿಗೆಯಲ್ಲಿ ಇರುವುದಿಲ್ಲ. ಪ್ರೋಬಯಾಟಿಕ್ ಎಂಬುದು 'ಮಾತ್ರೆ' ಅನ್ನುವ ಹಾಗೆ ಬರೀ ಒಂದು ಪಂಗಡದ ಹೆಸರು. ಜ್ವರದ ಮಾತ್ರೆ ಬಿಪಿಗೆ ಆಗದಂತೆ ಇಲ್ಲಿಯೂ ಯಾವ ತಳಿ, ಎಷ್ಟು, ಯಾವ ಕಾಯಿಲೆಗೆ ಎಂಬುದೇ ಮುಖ್ಯ.

ಎಷ್ಟು ಎಂಬುದಕ್ಕೆ ನಮ್ಮ ದೇಶದ್ದೇ ಉದಾಹರಣೆ ಇದೆ. ಲುಧಿಯಾನದ ವೈದ್ಯರು ಮುಂದೆ ನಿಂತು ನಡೆಸಿ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಸಾಧಾರಣ ಮಟ್ಟದ ಕೊಲೈಟಿಸ್ ಇದ್ದ 147 ಜನರಿದ್ದರು. ಒಂದು ಗುಂಪಿಗೆ ಎಂಟು ತಳಿ ಬೆರೆಸಿದ ಪುಡಿ, ಇನ್ನೊಂದಕ್ಕೆ ಮದ್ದಿಲ್ಲದ ಬರೀ ಪುಡಿ. 12 ವಾರಕ್ಕೆ ಮೊದಲ ಗುಂಪಿನಲ್ಲಿ ಶೇ 42.9 ಜನರಿಗೆ ಕಾಯಿಲೆ ಹತೋಟಿಗೆ ಬಂತು, ಎರಡನೆಯದರಲ್ಲಿ ಶೇ 15.7 ಜನರಿಗೆ. ಒಳ್ಳೆಯ ಫಲಿತಾಂಶವೇ. ಆದರೆ ಅವರು ಕೊಟ್ಟ ಪ್ರಮಾಣ ನೋಡಿ: ಒಂದು ಸಲಕ್ಕೆ 3.6 ಲಕ್ಷ ಕೋಟಿ ಬ್ಯಾಕ್ಟೀರಿಯಾ, ದಿನಕ್ಕೆ ಎರಡು ಸಲ. ಈಗ ನಿಮ್ಮ ಕೈಲಿರುವ ಸ್ಟ್ರಿಪ್ ತಿರುಗಿಸಿ ಸಣ್ಣ ಅಕ್ಷರ ಓದಿ. ಭೇದಿಗೆಂದು ಅಂಗಡಿಯಲ್ಲಿ ಕೊಡುವ ಮಾತ್ರೆಗಳಲ್ಲಿ '60 ಮಿಲಿಯನ್' ಎಂದು ಬರೆದಿರುವುದು ಮಾಮೂಲು, ಅಂದರೆ 6 ಕೋಟಿ. ಲೆಕ್ಕ ಹಾಕಿದರೆ ಆ ಅಧ್ಯಯನದ ಒಂದು ಹೊತ್ತಿನ ಡೋಸಿಗೆ ಇಂಥ 60,000 ಮಾತ್ರೆ ಬೇಕು. ತಳಿಯೂ ಬೇರೆ. ಆ್ಯಂಟಿಬಯಾಟಿಕ್ ತಗೊಂಡು ಹೊಟ್ಟೆ ಕೆಟ್ಟಾಗ ಕೊಡುವ ಮಾತ್ರೆಯನ್ನು ಕೊಲೈಟಿಸ್‌ಗೂ ಕೌಂಟರಿನಲ್ಲೇ ಕೊಟ್ಟು ಕಳಿಸುವುದು ನನಗಂತೂ ಸರಿ ಕಾಣುವುದಿಲ್ಲ.

ಇಷ್ಟಾದರೂ ಅಮೆರಿಕದ ಗ್ಯಾಸ್ಟ್ರೋಎಂಟರಾಲಜಿ ತಜ್ಞರ ಸಂಘ 2020ರಲ್ಲಿ ಎಲ್ಲ ಅಧ್ಯಯನಗಳನ್ನೂ ಒಟ್ಟಿಗೆ ನೋಡಿ, ಅಲ್ಸರೇಟಿವ್ ಕೊಲೈಟಿಸ್‌ಗಾಗಲಿ, ಕರುಳಿನ ಉರಿಯೂತದ ಇನ್ನೊಂದು ಕಾಯಿಲೆಯಾದ ಕ್ರೋನ್ಸ್‌ಗಾಗಲಿ ಪ್ರೋಬಯಾಟಿಕ್ ಅನ್ನು ಸಂಶೋಧನೆಯ ಚೌಕಟ್ಟಿನಲ್ಲಿ ಮಾತ್ರ ಕೊಡಿ ಎಂದಿತು. ಕೆಲವು ಕೊಲೈಟಿಸ್ ರೋಗಿಗಳಿಗೆ ಆಪರೇಷನ್ ಮಾಡಿ ದೊಡ್ಡ ಕರುಳು ತೆಗೆದು ಸಣ್ಣ ಕರುಳಿನಿಂದಲೇ ಚೀಲ ಕಟ್ಟಿರುತ್ತಾರೆ, ಆ ಚೀಲದ ಉರಿಯೂತಕ್ಕೆ ಮಾತ್ರ ಎಂಟು ತಳಿಯ ಮಿಶ್ರಣವನ್ನು ಯೋಚಿಸಬಹುದು ಎಂದಿತು. ಕ್ರೋನ್ಸ್‌ನಲ್ಲಿ ಲಾಭ ಕಂಡಿದ್ದು ಇಲ್ಲವೆಂಬಷ್ಟು ಕಡಿಮೆ.

ಇನ್ನು ಮಜ್ಜಿಗೆಗೆ ಬರೋಣ. ನಮ್ಮ ಮನೆಯಲ್ಲಿ ಚಳಿಗಾಲದ ರಾತ್ರಿ ಹೆಪ್ಪು ಹಾಕಿದ ಪಾತ್ರೆಗೆ ಟವೆಲ್ ಸುತ್ತಿ ಅಕ್ಕಿ ಡಬ್ಬಿಯೊಳಗೆ ಇಡುತ್ತಿದ್ದರು. ಬೇಸಿಗೆಯಲ್ಲಿ ಅದೇ ಹೆಪ್ಪಿನ ಮೊಸರು ಮಧ್ಯಾಹ್ನದೊಳಗೆ ಹಲ್ಲು ಚಳ್ಳೆನ್ನುವಷ್ಟು ಹುಳಿ. ಹೆಪ್ಪಿನಿಂದ ಹೆಪ್ಪಿಗೆ, ದಿನದಿಂದ ದಿನಕ್ಕೆ ಒಳಗಿರುವ ಬ್ಯಾಕ್ಟೀರಿಯಾ ಬದಲಾಗುತ್ತವೆ. ಅವುಗಳಲ್ಲಿ ಬಹುಪಾಲು ಜಠರದ ಆಮ್ಲ, ಪಿತ್ತರಸ ದಾಟುವಷ್ಟರಲ್ಲೇ ಸೋಲುತ್ತವೆ. ಮಜ್ಜಿಗೆ ಹುಳಿ ಮಾಡಿ ಕುದಿಸಿದರಂತೂ ಒಂದೂ ಉಳಿಯುವುದಿಲ್ಲ. ಹಾಗಾಗಿ ಅದು ಊಟ, ಔಷಧಿಯಲ್ಲ. ಹೊಟ್ಟೆಗೆ ಒಗ್ಗಿದರೆ ತಮ್ಮ ಧಾರಾಳವಾಗಿ ಕುಡಿಯಲಿ. ಕಾಯಿಲೆ ಜೋರಾದಾಗ ಕೆಲವರಿಗೆ ಹಾಲಿನ ಪದಾರ್ಥ ತಿಂದರೆ ಹೊಟ್ಟೆ ಉಬ್ಬರಿಸುತ್ತದೆ, ಆಗ ಸ್ವಲ್ಪ ದಿನ ಬಿಟ್ಟರಾಯಿತು.

ಕರುಳಿನ ಒಳಪದರಕ್ಕೆ ನಿಜವಾಗಿ ಬೇಕಾದ್ದು ಬ್ಯುಟಿರೇಟ್ ಎಂಬ ಕೊಬ್ಬಿನಾಮ್ಲ. ದೊಡ್ಡ ಕರುಳಿನ ಜೀವಕೋಶಗಳಿಗೆ ಅದೇ ಮುಖ್ಯ ಆಹಾರ. ನಾವು ತಿನ್ನುವ ನಾರಿನಂಶವನ್ನು ಹುದುಗಿಸಿ ಅದನ್ನು ತಯಾರಿಸುವ ಬ್ಯಾಕ್ಟೀರಿಯಾಗಳು ನಮ್ಮೊಳಗೇ ಇವೆ. ಅವುಗಳಲ್ಲಿ ದೊಡ್ಡ ಹೆಸರು ಫೀಕಾಲಿಬ್ಯಾಕ್ಟೀರಿಯಂ. ಕ್ರೋನ್ಸ್ ಇರುವವರಲ್ಲಿ ಇದು ಕಡಿಮೆಯಾಗಿರುವುದು ಕಂಡುಬಂದಿದೆ. ಗಾಳಿ ತಾಗಿದರೆ ಸಾಯುವ ಜೀವಿಯಾದ್ದರಿಂದ ಇದನ್ನು ಕ್ಯಾಪ್ಸೂಲಿಗೆ ತುಂಬುವುದು ಸುಲಭವಲ್ಲ. ಜೋಳದ ರೊಟ್ಟಿ, ಕಾಳು, ಸೊಪ್ಪು ತಿಂದು ಒಳಗಿರುವವನ್ನೇ ಸಾಕಬಹುದು. ಆದರೆ ರಕ್ತ ಹೋಗುತ್ತಿರುವಾಗ, ಅಥವಾ ಕ್ರೋನ್ಸ್‌ನಿಂದ ಕರುಳು ಕಿರಿದಾಗಿದ್ದರೆ ಒರಟು ನಾರು ಬೇಡ. ಖಾರ ಮಂಡಕ್ಕಿ, ಮಿರ್ಚಿಯಿಂದ ಈ ಕಾಯಿಲೆ ಬರುವುದಿಲ್ಲ, ಉರಿ ಏಳಬಹುದಷ್ಟೇ.

ಇನ್ನೊಂದು ಮಾತು, ಇದನ್ನು ಓದುತ್ತಿರುವ ಬೇರೆಯವರಿಗೂ ಸೇರಿ. ಮಲದಲ್ಲಿ ರಕ್ತ ಕಂಡರೆ ಮೂಲವ್ಯಾಧಿ ಎಂದು ತಾವೇ ತೀರ್ಮಾನಿಸಿಕೊಂಡು ತಿಂಗಳುಗಟ್ಟಲೆ ಪ್ರೋಬಯಾಟಿಕ್ ನುಂಗುವವರಿದ್ದಾರೆ. ರಾತ್ರಿ ನಿದ್ದೆಯಿಂದ ಎಬ್ಬಿಸುವ ಭೇದಿ, ಜ್ವರ, ತೂಕ ಇಳಿತ ಜೊತೆಗಿದ್ದರೆ ತಡಮಾಡದೆ ತೋರಿಸಿ. ನಮ್ಮಲ್ಲಿ ಕರುಳಿನ ಕ್ಷಯ ಥೇಟ್ ಕ್ರೋನ್ಸ್ ಥರವೇ ಕಾಣಿಸುತ್ತದೆ. ಅದನ್ನು ಬೇರ್ಪಡಿಸದೆ ಕ್ರೋನ್ಸ್ ಎಂದುಕೊಂಡು ಸ್ಟೆರಾಯ್ಡ್ ಕೊಟ್ಟರೆ ಅಪಾಯ.

ತಮ್ಮನಿಗೆ ಪ್ರೋಬಯಾಟಿಕ್ ಬೇಕೇ ಅನಿಸಿದರೆ ಆ ಸ್ಟ್ರಿಪ್ ಹಿಡಿದುಕೊಂಡು ಮೆಸಲಮೈನ್ ಬರೆದ ಡಾಕ್ಟರ ಹತ್ತಿರವೇ ಹೋಗಿ. ರೋಗನಿರೋಧಕ ಶಕ್ತಿ ತಗ್ಗಿಸುವ ಔಷಧಿ ನಡೆಯುತ್ತಿದ್ದರೆ ಮೊದಲೇ ಹೇಳಿ, ಅಪರೂಪಕ್ಕೆ ಈ ಬ್ಯಾಕ್ಟೀರಿಯಾಗಳೇ ರಕ್ತಕ್ಕೆ ಸೇರಿದ್ದುಂಟು. ಅವರು ಎಂಟು ತಳಿಯ ಪುಡಿ ಬರೆದುಕೊಟ್ಟರೆ, ಅಂಗಡಿಯವರು ಅದನ್ನು ಫ್ರಿಜ್‌ನಿಂದ ತೆಗೆದು ಕೊಡುತ್ತಾರಾ, ಬಿಸಿಲು ಬೀಳುವ ಗಾಜಿನ ಕಪಾಟಿನಿಂದಲಾ ಎಂದು ನೋಡಿಕೊಳ್ಳಿ.