ಅದು ಅಶೋಕ ಅಲ್ಲ, ಕಂಬದ ಮರ

"ಗೇಟಿನಿಂದ ಮನೆಯವರೆಗೆ ಎರಡೂ ಬದಿ ಅಶೋಕ ಹಾಕಿ, ಗಾರ್ಡನ್‌ಗೆ ಶಿಸ್ತು ಬರುತ್ತೆ." ಈ ಸಲಹೆ ಮತ್ತೆ ಕಣ್ಣಿಗೆ ಬಿತ್ತು. ಜೊತೆಗಿದ್ದ ಫೋಟೋದಲ್ಲಿ ಇದ್ದದ್ದು ಎಂದಿನಂತೆ ಕಂಬದ ಮರ. ಶಾಲೆ, ಕಲ್ಯಾಣಮಂಟಪಗಳ ಕಾಂಪೌಂಡ್ ಉದ್ದಕ್ಕೂ ಕೊಂಬೆಗಳನ್ನು ಮೈಗಂಟಿಸಿ ಕೆಳಕ್ಕೆ ಇಳಿಬಿಟ್ಟು ನಿಲ್ಲುತ್ತಲ್ಲ, ಅದೇ. ಈ ತಪ್ಪು ಎಷ್ಟು ರೂಢಿಯಾಗಿದೆ ಅಂದರೆ, ನಿಜವಾದ ಅಶೋಕ ಬೇಕಾದವರೇ ನರ್ಸರಿಯಲ್ಲಿ "ಸೀತಾ ಅಶೋಕ" ಅಂತ ಬಿಡಿಸಿ ಹೇಳಬೇಕು.

ಎರಡಕ್ಕೂ ನೆಂಟಸ್ತಿಕೆಯೇ ಇಲ್ಲ. ಕಂಬದ ಮರ ಸೀತಾಫಲದ ಕುಟುಂಬದ್ದು, ಅಶೋಕ ಹುಣಸೆಯ ಕುಟುಂಬದ್ದು. ಒಂದೊಂದು ಎಲೆ ಕಿತ್ತು ನೋಡಿದರೆ ಸಾಕು. ಕಂಬದ ಮರದ್ದು ಉದ್ದನೆಯ ಬಿಡಿ ಎಲೆ, ಅಂಚೆಲ್ಲ ಅಲೆ ಅಲೆ. ಅಶೋಕದಲ್ಲಿ ಒಂದೇ ದಂಟಿಗೆ ನಾಲ್ಕಾರು ಜೊತೆ ಕಿರುಎಲೆ, ಚಿಗುರು ತಾಮ್ರದ ಬಣ್ಣದಲ್ಲಿ ಸೋತು ಜೋಲುತ್ತದೆ. ಹೂವಿನಲ್ಲಂತೂ ಗೊಂದಲಕ್ಕೆ ಜಾಗವೇ ಇಲ್ಲ. ಅಶೋಕದ್ದು ಕಿತ್ತಳೆಯಿಂದ ಕೆಂಪಿಗೆ ತಿರುಗುವ ಗೊಂಚಲು, ದಪ್ಪ ಕೊಂಬೆಯ ಮೇಲೂ ಅರಳುತ್ತದೆ. ಕಂಬದ ಮರದ್ದು ತಿಳಿಹಸಿರು ನಕ್ಷತ್ರ, ಎಲೆಯೊಳಗೆ ಕಾಣುವುದೂ ಇಲ್ಲ.

ಹೆಸರಲ್ಲೇನಿದೆ ಅಂತೀರಾ? ಅಶೋಕದ ತೊಗಟೆ ಆಯುರ್ವೇದದ ಮದ್ದು. ಅದರ ಬದಲು ಕಂಬದ ಮರದ ತೊಗಟೆ ಬೆರೆಸಿ ಮಾರುವುದು ಹಳೆಯ ಚಾಳಿ. ಬಂಗಾಳದಲ್ಲಿ ಕಂಬದ ಮರಕ್ಕೆ ದೇವದಾರು ಅನ್ನುತ್ತಾರೆ, ಹಿಮಾಲಯದ ದೇವದಾರು ಬೇರೆಯೇ ಇದ್ದರೂ! 2012ರಲ್ಲಿ ಸಸ್ಯವಿಜ್ಞಾನಿಗಳು ಅದರ ವೈಜ್ಞಾನಿಕ ಹೆಸರನ್ನೂ ಬದಲಿಸಿ, ಪಾಲಿಆಲ್ತಿಯಾ ಅನ್ನೋದನ್ನು ತೆಗೆದು ಮೊನೂನ್ ಲಾಂಗಿಫೋಲಿಯಮ್ ಅಂತ ಕರೆದರು. ಇಷ್ಟೆಲ್ಲದರ ನಡುವೆ ನಮ್ಮ 'ಕಂಬ'ವೇ ವಾಸಿ. ನೆಟ್ಟಗಿನ ಕಾಂಡ ಹಾಯಿಹಡಗಿನ ಕಂಬಕ್ಕೆ ಒದಗುತ್ತಿತ್ತು, ಇಂಗ್ಲಿಷಿನಲ್ಲೂ ಅದು ಮಾಸ್ಟ್ ಟ್ರೀ.

ಇನ್ನೊಂದು ಮಾತು. ಸಾಲಿಗೆ ಬೇಕಾದ ಕಿರಿದಾದ ಮರ ಇದರ 'ಪೆಂಡುಲಾ' ಬಗೆ ಮಾತ್ರ. ಮೂಲ ಮರ ಕೊಂಬೆ ಚಾಚಿ ನೆರಳು ಕೊಡುವಂಥದ್ದು, ರಸ್ತೆಬದಿಗೆ ಒಳ್ಳೆಯದು. ಸಸಿ ಕೊಳ್ಳುವಾಗ ಕೇಳಿಯೇ ತನ್ನಿ. ಮೇಲೆ ಕರೆಂಟ್ ತಂತಿ ಇದ್ದರೆ ಪೆಂಡುಲಾ ಬೇಡವೇ ಬೇಡ. ಎತ್ತರ ಜಾಸ್ತಿಯಾಯ್ತು ಅಂತ ತುದಿ ಕತ್ತರಿಸಿದರೆ ಅಲ್ಲಿಂದ ಹಲವು ಕವಲು ಒಡೆಯುತ್ತವೆ, ಯಾವ ನೇರ ಗೆರೆಗಾಗಿ ನೆಟ್ಟಿರೋ ಅದೇ ಹೋಗುತ್ತದೆ. ಅಶೋಕವೇ ಬೇಕೆಂದರೆ ಖಂಡಿತ ನೆಡಿ, ಆದರೆ ಸಾಲಿನಲ್ಲಿ ಬೇಡ. ಸ್ವಲ್ಪ ನೆರಳು, ತೇವ ಇರುವ ಮೂಲೆಯಲ್ಲಿ ಒಂದೇ ಗಿಡ ಇಟ್ಟು, ಅದು ಅಗಲವಾಗಿ ಹರಡುವಷ್ಟು ಜಾಗ ಬಿಡಿ.