ಮರ ಕಡಿದರು, ನೀರು ಮೇಲೆ ಬಂತು

ಕೋಲಾರ, ಚಿಕ್ಕಬಳ್ಳಾಪುರದ ಕಡೆ ಬೋರ್‌ವೆಲ್ ಬತ್ತಿದ ಮಾತು ಬಂದರೆ ಮೊದಲು ಬೈಗುಳ ತಿನ್ನುವುದು ನೀಲಗಿರಿ ಮರ. ನೆಲದ ನೀರನ್ನೆಲ್ಲ ಕುಡಿದು ಹಾಕಿತು ಎಂಬ ಆಪಾದನೆ ಅದರ ಮೇಲೆ. 2017ರಲ್ಲಿ ರಾಜ್ಯ ಸರ್ಕಾರ ಹೊಸದಾಗಿ ನೀಲಗಿರಿ ನೆಡುವುದನ್ನೇ ನಿಷೇಧಿಸಿತು.

ಅದೇ ನೀಲಗಿರಿಯ ತವರು ಆಸ್ಟ್ರೇಲಿಯಾ. ಆ ದೇಶದ ನೈಋತ್ಯ ಮೂಲೆಯ ಗೋಧಿ ಸೀಮೆಯಲ್ಲಿ ರೈತರ ಗೋಳು ಪೂರ್ತಿ ತಿರುಗುಮುರುಗು. ಅಲ್ಲಿ ಈ ಕುಲದ ಮರಗಳನ್ನು ಕಡಿದ ಮೇಲೆ ಅಂತರ್ಜಲ ಏರಿತು, ಏರಿದ ನೀರೇ ಹೊಲ ಹಾಳು ಮಾಡಿತು. ಮೊದಲ ಸಲ ಓದಿದಾಗ ಎಲ್ಲೋ ಅಚ್ಚಿನ ತಪ್ಪಿರಬೇಕು ಅಂದುಕೊಂಡಿದ್ದೆ. ‘ಕಾಡು ಹೋದರೆ ನೀರು ಹೋಗುತ್ತದೆ’ ಎಂದು ಶಾಲೆಯ ಗೋಡೆಯ ಮೇಲೆ ಓದಿಕೊಂಡು ಬೆಳೆದವರಿಗೆ ಇದು ಸುಲಭವಾಗಿ ಜೀರ್ಣವಾಗುವ ಮಾತಲ್ಲ.

ಪರ್ತ್ ನಗರದಿಂದ ಒಳನಾಡಿನತ್ತ ಹೋದರೆ ಸಿಗುವ ಬಯಲು ಇದು. ಬಹುಪಾಲು ಕಡೆ ವರ್ಷಕ್ಕೆ 300ರಿಂದ 400 ಮಿಲಿಮೀಟರ್ ಮಳೆ, ಅದೂ ಅವರ ಚಳಿಗಾಲದಲ್ಲಿ. ನಮ್ಮ ಚಿತ್ರದುರ್ಗದ ಒಣ ತಾಲ್ಲೂಕುಗಳಿಗಿಂತಲೂ ಕಡಿಮೆ. ಆದರೂ ಸಾಲ್ಮನ್ ಗಮ್, ಮ್ಯಾಲಿ, ಬ್ಯಾಂಕ್ಸಿಯಾಗಳಂಥ ಗಿಡಮರಗಳು ಅಲ್ಲಿ ದಟ್ಟವಾಗಿದ್ದವು. ಆಸ್ಟ್ರೇಲಿಯಾದ ಈ ನೈಋತ್ಯ ಭಾಗದಲ್ಲಿ ಸುಮಾರು 8,000 ಜಾತಿಯ ಸಸ್ಯಗಳಿವೆ, ಅರ್ಧದಷ್ಟು ಜಗತ್ತಿನ ಬೇರೆಲ್ಲೂ ಇಲ್ಲ. ನೂಂಗಾರ್ ಜನ ಸಾವಿರಾರು ವರ್ಷ ಇಲ್ಲಿ ಬದುಕಿದ್ದರು.

ಬಿಳಿಯರು ಬಂದ ಮೇಲೆ ಜಮೀನು ಮಂಜೂರು ಮಾಡುವಾಗ ಸರ್ಕಾರ ಒಂದು ಷರತ್ತು ಹಾಕುತ್ತಿತ್ತು: ಇಂತಿಷ್ಟು ವರ್ಷದೊಳಗೆ ಇಂತಿಷ್ಟು ಕಾಡು ಕಡಿದು ತೋರಿಸಬೇಕು. ಕಡಿಯದಿದ್ದರೆ ಜಮೀನು ಕೈಬಿಟ್ಟೀತು. ಆಗ ಮರ ಉಳಿಸಿಕೊಂಡವನು ಸೋಮಾರಿ. ಎರಡು ಮಹಾಯುದ್ಧಗಳಿಂದ ಮರಳಿದ ಸೈನಿಕರಿಗೂ ಹೀಗೆಯೇ ಜಮೀನು ಹಂಚಿದರು. 1960ರ ದಶಕದಲ್ಲಿ ವರ್ಷಕ್ಕೆ ಹತ್ತು ಲಕ್ಷ ಎಕರೆ ಎಂಬುದು ಘೋಷಣೆಯೇ ಆಯಿತು. ಹಡಗಿನ ಲಂಗರಿನ ದಪ್ಪ ಸರಪಳಿಯನ್ನು ಎರಡು ಬುಲ್ಡೋಜರ್‌ಗಳ ನಡುವೆ ಕಟ್ಟಿ ಎಳೆದರೆ ನಡುವಿದ್ದ ಕಾಡೆಲ್ಲ ಬುಡಮೇಲು. ಒಣಗಿದ ಮೇಲೆ ಬೆಂಕಿ, ಆಮೇಲೆ ಗೋಧಿ.

ಏನೋ ಎಡವಟ್ಟಾಗಿದೆ ಎಂಬುದು ಗೊತ್ತಾದದ್ದು ಬಹಳ ಮುಂಚೆಯೇ. ಗೊತ್ತಾಗಿಸಿದ್ದು ಉಗಿಬಂಡಿಗಳು. ರೈಲ್ವೆಯವರು ಎಂಜಿನ್ನಿಗಾಗಿ ಕೆರೆಕಟ್ಟೆಗಳಲ್ಲಿ ಸಿಹಿನೀರು ಹಿಡಿದಿಡುತ್ತಿದ್ದರು. ಸುತ್ತಲಿನ ಮರಗಳನ್ನು ಸಾಯಿಸಿದರೆ ಇನ್ನಷ್ಟು ನೀರು ಹರಿದು ಬಂದೀತು ಎಂಬ ಲೆಕ್ಕದಲ್ಲಿ, ಬುಡದ ಸುತ್ತ ತೊಗಟೆ ಸುಲಿದು ಒಣಗಿಸುತ್ತಿದ್ದುದೂ ಉಂಟು. ನೀರು ಬಂತು, ಜೊತೆಗೆ ಉಪ್ಪೂ ಬಂತು. ಉಪ್ಪುನೀರು ಬಾಯ್ಲರಿಗೆ ವಿಷ. ವುಡ್ ಎಂಬ ರೈಲ್ವೆ ಎಂಜಿನಿಯರ್ ಇದನ್ನು ವರ್ಷಗಟ್ಟಲೆ ಗಮನಿಸಿ, ಕಾಡು ಕಡಿದದ್ದಕ್ಕೂ ನೆಲದಲ್ಲಿ, ತೊರೆಗಳಲ್ಲಿ ಉಪ್ಪು ಏರಿದ್ದಕ್ಕೂ ಇರುವ ನಂಟನ್ನು 1924ರಲ್ಲಿ ಬರೆದು ಪ್ರಕಟಿಸಿದ. ಅವನು ಹೇಳಿದ ಕಾರಣ ಇಂದಿಗೂ ಸರಿಯೆಂದೇ ನಿಂತಿದೆ. ಲಂಗರಿನ ಸರಪಳಿಗಳು ಕಾಡಿಗಿಳಿದದ್ದು ಅದರ ನಂತರ ಎಂಬುದು ನನಗೆ ಈ ಕಥೆಯಲ್ಲೆಲ್ಲ ಹೆಚ್ಚು ಕಸಿವಿಸಿ ಮಾಡುವ ಸಂಗತಿ.

ಉಪ್ಪು ಎಲ್ಲಿಂದ ಬಂತು? ಕಡಲಿನಿಂದಲೇ. ಗಾಳಿ ಮತ್ತು ಮಳೆ ಪ್ರತಿ ವರ್ಷ ಒಂದಿಷ್ಟು ಉಪ್ಪನ್ನು ಒಳನಾಡಿಗೆ ತಂದು ಚೆಲ್ಲುತ್ತವೆ. ಹೆಕ್ಟೇರಿಗೆ ಕೆಲವು ಹತ್ತು ಕಿಲೊ, ಅಷ್ಟೇ. ಮಳೆ ಜೋರಾಗಿರುವ ಕಡೆ ಅದು ತೊಳೆದು ನದಿ ಸೇರುತ್ತದೆ. ಇಲ್ಲಿ ನೆಲ ಸಪಾಟು, ಮಳೆ ಅಷ್ಟಕ್ಕಷ್ಟೆ. ಬಿದ್ದ ನೀರನ್ನು ಬೇರುಗಳು ಹೀರಿಕೊಂಡು ಉಪ್ಪನ್ನು ಅಲ್ಲೇ ಬಿಟ್ಟವು. ಸಾವಿರಾರು ವರ್ಷ ಹೀಗೇ ನಡೆದು ಮಣ್ಣಿನಾಳದಲ್ಲಿ ಹೆಕ್ಟೇರಿಗೆ ನೂರಾರು ಟನ್ ಉಪ್ಪು ಕೂಡಿಬಿತ್ತು. ಅದರ ಮೇಲೆ ಕಾಡು ಕೂತಿತ್ತು, ಡಬ್ಬಿಯ ಮುಚ್ಚಳದ ಹಾಗೆ.

ಈ ಗಿಡಮರಗಳ ಬೇರು ಎಷ್ಟೋ ಮೀಟರ್ ಆಳಕ್ಕಿಳಿಯುತ್ತದೆ. ವರ್ಷದ ಹನ್ನೆರಡು ತಿಂಗಳೂ ನೀರು ಹೀರುತ್ತದೆ. ಅದನ್ನು ದಾಟಿ ಅಂತರ್ಜಲಕ್ಕೆ ಮುಟ್ಟುವ ಮಳೆ ವರ್ಷಕ್ಕೆ ಒಂದೆರಡು ಮಿಲಿಮೀಟರ್ ಇದ್ದರೆ ಹೆಚ್ಚು. ಗೋಧಿಯ ಬೇರು ಒಂದೆರಡು ಮೀಟರ್. ಮೇ ತಿಂಗಳ ಹೊತ್ತಿಗೆ ಬಿತ್ತಿ, ವರ್ಷದ ಕೊನೆಗೆ ಕೊಯ್ದರೆ ಉಳಿದ ತಿಂಗಳು ಹೊಲ ಖಾಲಿ. ಅಲ್ಲಿ ಹತ್ತಾರು ಮಿಲಿಮೀಟರ್ ಕೆಳಗಿಳಿಯುತ್ತದೆ. ಇಪ್ಪತ್ತು ಮಿಲಿಮೀಟರ್ ಎಂದರೆ ಹೆಕ್ಟೇರಿಗೆ ಎರಡು ಲಕ್ಷ ಲೀಟರ್, ಪ್ರತಿ ವರ್ಷ. ಈ ನೀರು ಉಪ್ಪನ್ನು ಕರಗಿಸಿಕೊಂಡು ದಶಕಗಟ್ಟಲೆ ನಿಧಾನವಾಗಿ ಏರುತ್ತದೆ. ಮೇಲ್ಮೈಗೆ ಎರಡು ಮೀಟರಿನಷ್ಟು ಹತ್ತಿರ ಬಂದರೆ ಸಾಕು, ದೀಪದ ಬತ್ತಿ ಎಣ್ಣೆ ಏರಿಸಿದಂತೆ ಮಣ್ಣೇ ಅದನ್ನು ಮೇಲಕ್ಕೆಳೆದುಕೊಳ್ಳುತ್ತದೆ. ನೀರು ಆವಿಯಾಗಿ ಉಪ್ಪು ಉಳಿಯುತ್ತದೆ. ಬೇರಿಗೆ ಆಗ ಏನಾಗುತ್ತದೆ ಎಂದು ತಿಳಿಯಲು ಉಪ್ಪಿನಕಾಯಿ ಹಾಕುವ ಮನೆಗೆ ಹೋಗಿ: ಮಾವಿನ ಹೋಳಿಗೆ ಉಪ್ಪು ಬೆರೆಸಿಟ್ಟರೆ ಮರುದಿನ ಹೋಳು ತನ್ನೊಳಗಿನ ನೀರನ್ನೇ ಬಿಟ್ಟಿರುತ್ತದೆ. ಸುತ್ತ ನೀರು ನಿಂತಿದ್ದರೂ ಗಿಡ ಬಾಯಾರಿ ಸಾಯುತ್ತದೆ.

ಹಾಳಾಗುವುದು ಮೊದಲು ತಗ್ಗಿನ ಹೊಲ. ಮರ ಕಡಿದದ್ದು ದಿಬ್ಬದ ಮೇಲಿನವನು, ಅದೂ ಅವನ ಅಜ್ಜನ ಕಾಲದಲ್ಲಿ. ಹೀಗಾಗಿ ಯಾರನ್ನು ಬೈಯುವುದು? ಪಶ್ಚಿಮ ಆಸ್ಟ್ರೇಲಿಯಾದ ಈ ಭಾಗದಲ್ಲಿ ಈಗ ಹತ್ತು ಲಕ್ಷ ಹೆಕ್ಟೇರಿಗೂ ಹೆಚ್ಚು ಕೃಷಿಭೂಮಿ ಸವಳು ಹಿಡಿದಿದೆ. ಕಾಲಿ ನದಿಗೆ ಕಟ್ಟಿದ ವೆಲಿಂಗ್ಟನ್ ಜಲಾಶಯದ ನೀರು ಕುಡಿಯಲು ಬಾರದಷ್ಟು ಉಪ್ಪಾಯಿತು.

ಸವಳು ಎಂದ ಕೂಡಲೇ ಸಿಂಧನೂರು, ಸಿರುಗುಪ್ಪ, ಗಂಗಾವತಿಯವರಿಗೆ ತಮ್ಮ ಹೊಲ ನೆನಪಾದೀತು. ತುಂಗಭದ್ರಾ ಕಾಲುವೆಯ ಸೀಮೆಯ ತಗ್ಗುಗಳಲ್ಲಿ ನೆಲದ ಮೇಲೆ ಸುಣ್ಣ ಬಳಿದಂತೆ ಬಿಳಿ ಪದರ ಕಾಣುತ್ತದೆ. ನಮ್ಮಲ್ಲಿ ಅದಕ್ಕೆ ಕಾರಣ ಕಾಡು ಕಡಿದದ್ದಲ್ಲ. ಲಘು ನೀರಾವರಿಗೆಂದು ಯೋಜಿಸಿದ ಕಡೆ ಭತ್ತಕ್ಕೆ ನಿಲ್ಲಿಸಿದ ನೀರು. ಆದರೆ ನೆಲದ ಲೆಕ್ಕಪುಸ್ತಕ ಒಂದೇ. ಒಳಗೆ ಹೋಗುವುದು ಹೊರಗೆ ಬರುವುದಕ್ಕಿಂತ ಹೆಚ್ಚಾದರೆ ನೀರು ಏರುತ್ತದೆ, ಉಪ್ಪನ್ನು ಹೊತ್ತು ತರುತ್ತದೆ. ಕೋಲಾರದಲ್ಲಿ ನೀಲಗಿರಿ ಮಾಡಿದ್ದೂ ಇದೇ ಲೆಕ್ಕದ ಇನ್ನೊಂದು ಬದಿ.

ಉಪ್ಪೊಂದೇ ಆಗಿದ್ದರೆ ಒಂದು ಮಾತು. ಕಾರ್ನಬಿ ಎಂಬ ಕಪ್ಪು ಕಾಕಟೂ ಗಿಳಿ ಈ ಗೋಧಿ ಸೀಮೆಯ ಹಳೇ ಮರಗಳ ಪೊಟರೆಯಲ್ಲಿ ಮೊಟ್ಟೆಯಿಡುತ್ತದೆ. ಅಂಥ ಪೊಟರೆ ಆಗಲು ಮರಕ್ಕೆ ನೂರು ವರ್ಷಕ್ಕೂ ಮೇಲೆ ವಯಸ್ಸಾಗಿರಬೇಕು. ವಿಜ್ಞಾನಿ ಡೆನಿಸ್ ಸಾಂಡರ್ಸ್ 1960ರ ದಶಕದ ಕೊನೆಯಿಂದ ಇವನ್ನು ಹಿಂಬಾಲಿಸಿದರು. ಮ್ಯಾನ್‌ಮ್ಯಾನಿಂಗ್ ಎಂಬಲ್ಲಿ ಗೂಡಿನ ಮರಗಳು ಉಳಿದಿದ್ದವು, ಆಹಾರದ ಕುರುಚಲು ಮಾತ್ರ ಹೋಗಿತ್ತು. ಚೂರುಪಾರು ಕಾಡುಗಳ ನಡುವೆ ತಂದೆತಾಯಿ ಹಕ್ಕಿಗಳು ದೂರ ದೂರ ಹಾರಿದರೂ ಮರಿಗಳ ಹೊಟ್ಟೆ ತುಂಬಲಿಲ್ಲ, ಅವುಗಳ ತೂಕವೇ ಏರಲಿಲ್ಲ. 1970ರ ದಶಕ ಮುಗಿಯುವಷ್ಟರಲ್ಲಿ ಅಲ್ಲಿ ಗೂಡು ಕಟ್ಟುವ ಗಿಳಿಗಳೇ ಇಲ್ಲವಾದವು. ಪರಿಸರ ದಿನಕ್ಕೆ ಮರ ಎಣಿಸುವ ನಾವು ಇದನ್ನೊಮ್ಮೆ ಯೋಚಿಸಬೇಕು. ಮರ ಲೆಕ್ಕಕ್ಕಿತ್ತು, ಊಟ ಇರಲಿಲ್ಲ.

ಮೋಡಕ್ಕೂ ವ್ಯತ್ಯಾಸ ಗೊತ್ತಾಯಿತು. ಮೊಲಗಳು ನುಗ್ಗದಂತೆ 1907ರಲ್ಲಿ ಮುಗಿಸಿದ 1,833 ಕಿಲೊಮೀಟರ್ ಉದ್ದದ ಬೇಲಿ ಅಲ್ಲಿದೆ. ಇಂಥ ಬೇಲಿಯ ಪಶ್ಚಿಮಕ್ಕೆ ಗೋಧಿ, ಪೂರ್ವಕ್ಕೆ ಇನ್ನೂ ಕಾಡು ಇರುವ ಕಡೆ ಉಪಗ್ರಹ ಚಿತ್ರ ನೋಡಿದರೆ ಎಷ್ಟೋ ಬೇಸಿಗೆಯ ದಿನ ಮೋಡ ಕಾಡಿನ ಮೇಲಷ್ಟೇ ಕಟ್ಟಿರುತ್ತದೆ, ಬೇಲಿಗೆ ಬಂದು ನಿಂತುಬಿಟ್ಟಂತೆ. ಕಾಡಿನ ಮೈ ಕಪ್ಪು, ಒರಟು. ಬಿಸಿಲು ಹೀರಿ ಬೆಚ್ಚನೆಯ ತೇವದ ಗಾಳಿಯನ್ನು ಮೇಲಕ್ಕೆ ನೂಕುತ್ತದೆ. ಕೂಳೆ ನಿಂತ ಬಿಳಿಚು ಹೊಲಕ್ಕೆ ಆ ತಾಕತ್ತಿಲ್ಲ. 1970ರ ದಶಕದಿಂದ ಆ ಸೀಮೆಯ ಚಳಿಗಾಲದ ಮಳೆ ಇಳಿದಿದೆ. ಅದರ ದೊಡ್ಡ ಪಾಲು ಭೂಮಿಯ ಒಟ್ಟು ಹವೆ ಬದಲಾದದ್ದರದು. ಕಡಿದ ಕಾಡಿನ ಪಾಲೆಷ್ಟು ಎಂಬ ಚರ್ಚೆ ಇನ್ನೂ ಮುಗಿದಿಲ್ಲ. ಮಳೆ ಕಡಿಮೆಯಾದ ಕೆಲವೆಡೆ ಅಂತರ್ಜಲ ಏರುವ ವೇಗವೂ ತಗ್ಗಿದೆಯಂತೆ. ಇದಕ್ಕೆ ಸಂತೋಷಪಡಬೇಕೋ ಬೇಡವೋ ರೈತನೇ ಹೇಳಬೇಕು.

ಮತ್ತೆ ಮರ ನೆಟ್ಟರೆ ಸರಿಹೋಗುತ್ತದೆಯೇ? ಡೆನ್ಮಾರ್ಕ್ ಎಂಬ ಪುಟ್ಟ ನದಿಯ ಕಣಿವೆಯಲ್ಲಿ ಕಾಡು ಕಡಿಯುವುದನ್ನು ತಡೆದು, ನೀಲಗಿರಿಯ ದಾಯಾದಿ ಬ್ಲೂ ಗಮ್ ನೆಟ್ಟ ಮೇಲೆ ನೀರಿನ ಉಪ್ಪು ಇಳಿಯಿತು. ಅಲ್ಲಿ ಮಳೆ ಹೆಚ್ಚು, ಉಪ್ಪು ತೊಳೆದುಹೋಯಿತು. ಒಣ ಗೋಧಿ ಬಯಲಿನಲ್ಲಿ ಅಷ್ಟು ಸುಲಭವಿಲ್ಲ. ಅಲ್ಲಿನ ಟೂಲಿಬಿನ್ ಕೆರೆಯನ್ನು ಜೌಗು ಮರಗಳ ಸಮೇತ ಉಳಿಸಲು ಕೆರೆಯಂಗಳದಲ್ಲೇ ಕೊಳವೆಬಾವಿ ಕೊರೆದು, ಅಡಿಯ ಉಪ್ಪುನೀರನ್ನು ಪಂಪಿನಿಂದ ಎತ್ತಿ ಹೊರಗೆ ಹಾಕುತ್ತಾರೆ. ಆ ನೀರು ಪೈಪಿನಲ್ಲಿ ಹೋಗಿ ಸೇರುವುದು ಪಕ್ಕದ ಟಾರ್ಬ್ಲಿನ್ ಕೆರೆಗೆ. ಅದು ಮೊದಲೇ ಉಪ್ಪಾಗಿ ಸತ್ತಿತ್ತು.