ಬಸುರಿಯ ರಕ್ತಪರೀಕ್ಷೆ: ವರದಿಯ ‘ನಾರ್ಮಲ್’ ಯಾರಿಗೆ ನಾರ್ಮಲ್?

ಗರ್ಭಧಾರಣೆಯ 20 ವಾರಗಳ ನಂತರ ರಕ್ತದೊತ್ತಡ 140/90 ಮುಟ್ಟಿದಾಗ ನಾವು ಬರೆದುಕೊಡುವ ರಕ್ತಪರೀಕ್ಷೆಗಳು ತೀರಾ ಸಾಮಾನ್ಯವಾದವು: ಹಿಮೋಗ್ಲೋಬಿನ್, ಪ್ಲೇಟ್‌ಲೆಟ್ ಎಣಿಕೆ, ಕ್ರಿಯಾಟಿನಿನ್ (ಮೂತ್ರಪಿಂಡಗಳು ಸೋಸಿ ಹೊರಹಾಕುವ ತ್ಯಾಜ್ಯ), ಯಕೃತ್ತಿನ ಕಿಣ್ವಗಳಾದ ಎಸ್‌ಜಿಒಟಿ ಮತ್ತು ಎಸ್‌ಜಿಪಿಟಿ. ಕಾಯಿಲೆ ಯಾವ ಅಂಗವನ್ನು ತಟ್ಟಿದೆ ಎಂಬುದನ್ನು ಇವು ತಿಳಿಸುತ್ತವೆ. ಮೂತ್ರದಲ್ಲಿ ಪ್ರೋಟೀನ್ ಇಲ್ಲದಿದ್ದರೂ ಪ್ಲೇಟ್‌ಲೆಟ್, ಕ್ರಿಯಾಟಿನಿನ್ ಅಥವಾ ಈ ಕಿಣ್ವಗಳಲ್ಲಿ ಗಣನೀಯ ಏರುಪೇರು ಕಂಡರೆ ಅದನ್ನು ಪ್ರಿಎಕ್ಲಾಂಪ್ಸಿಯಾ (ಅಂಗಾಂಗಗಳಿಗೂ ತಟ್ಟುವ ಬಸುರಿನ ರಕ್ತದೊತ್ತಡದ ಕಾಯಿಲೆ) ಎಂದೇ ಪರಿಗಣಿಸುತ್ತೇವೆ.

ತೊಡಕಿರುವುದು ವರದಿಯ ಬಲಬದಿಯಲ್ಲಿ ಅಚ್ಚಾಗುವ ‘ನಾರ್ಮಲ್’ ಅಂಕಿಗಳಲ್ಲಿ. ಅವು ಸಾಮಾನ್ಯವಾಗಿ ಬಸುರಿಯರಿಗಾಗಿ ಸಿದ್ಧಪಡಿಸಿದವಲ್ಲ. ಗರ್ಭಿಣಿಯ ಮೂತ್ರಪಿಂಡಗಳು ಸುಮಾರು ಒಂದೂವರೆ ಪಟ್ಟು ರಕ್ತವನ್ನು ಸೋಸುವುದರಿಂದ ಕ್ರಿಯಾಟಿನಿನ್ ಸಹಜವಾಗಿಯೇ 0.4ರಿಂದ 0.8ರ ಆಸುಪಾಸಿಗೆ ಇಳಿದಿರುತ್ತದೆ. ಹೀಗಾಗಿ ಪ್ರಯೋಗಾಲಯ ಯಾವ ಗುರುತನ್ನೂ ಹಾಕದೆ ಕಳುಹಿಸುವ 1.0 ಎಂಬ ಅಂಕಿ ನಮಗೆ ನೆಮ್ಮದಿ ಕೊಡುವುದಿಲ್ಲ, 1.1 ದಾಟಿದರೆ ಅದು ತೀವ್ರತೆಯ ಲಕ್ಷಣ. ಇದಕ್ಕೆ ತದ್ವಿರುದ್ಧವಾಗಿ, ಮಾಸುಚೀಲವೇ ಉತ್ಪಾದಿಸುವ ಆಲ್ಕಲೈನ್ ಫಾಸ್ಫಟೇಸ್ ಎಂಬ ಕಿಣ್ವ ಹೆಚ್ಚಿದ್ದುದನ್ನು ದಪ್ಪಕ್ಷರದಲ್ಲಿ ನೋಡಿ ಕಾಮಾಲೆಯೆಂದು ಗಾಬರಿಗೊಂಡು ಬರುವವರಿದ್ದಾರೆ.

ಪ್ಲೇಟ್‌ಲೆಟ್ ಒಂದು ಲಕ್ಷಕ್ಕಿಂತ ಕೆಳಗಿಳಿದರೆ ಅಪಾಯವೆಂಬುದು ಎಲ್ಲರಿಗೂ ಗೊತ್ತು. ಆದರೆ ಮೊದಲಿನಿಂದಲೂ 1.2 ಲಕ್ಷದಲ್ಲೇ ನಿಂತಿರುವವಳಿಗಿಂತ, ಹತ್ತು ದಿನಗಳಲ್ಲಿ 2.4 ಲಕ್ಷದಿಂದ 1.3 ಲಕ್ಷಕ್ಕೆ ಇಳಿದವಳ ಬಗ್ಗೆ ನನಗೆ ಹೆಚ್ಚು ಆತಂಕ. ಮಳೆಗಾಲದಲ್ಲಿ ಡೆಂಗಿಯೂ ಪ್ಲೇಟ್‌ಲೆಟ್ ಇಳಿಸಿ ಎಸ್‌ಜಿಒಟಿ ಏರಿಸುತ್ತದೆಯಾದ್ದರಿಂದ ಜ್ವರವಿತ್ತೇ ಎಂದು ಕೇಳದೆ ವರದಿ ಓದಬಾರದು. ಹಿಮೋಗ್ಲೋಬಿನ್ ಹತ್ತರಿಂದ ಹನ್ನೆರಡೂವರೆಗೆ ದಿಢೀರನೆ ಏರಿದರೆ ಮನೆಯವರು ಕಬ್ಬಿಣದ ಮಾತ್ರೆಯ ಗುಣವೆಂದು ಹಿಗ್ಗುತ್ತಾರೆ. ರಕ್ತನಾಳಗಳಿಂದ ದ್ರವ ಸೋರಿ ರಕ್ತ ಗಟ್ಟಿಯಾಗಿರುವುದೂ ಅದಕ್ಕೆ ಕಾರಣವಾಗಿರಬಹುದು.

ಪ್ಲೇಟ್‌ಲೆಟ್ ಇಳಿಕೆ, ಕಿಣ್ವಗಳ ಏರಿಕೆ, ಕೆಂಪು ರಕ್ತಕಣಗಳ ಒಡೆಯುವಿಕೆ ಮೂರೂ ಸೇರಿದರೆ ಅದು ಹೆಲ್ಪ್ ಸಿಂಡ್ರೋಮ್. ಆಗ ರಕ್ತಕಣಗಳು ಒಡೆದಾಗ ಏರುವ ಎಲ್‌ಡಿಎಚ್ ಎಂಬ ಕಿಣ್ವ ಸಾಮಾನ್ಯವಾಗಿ 600 ದಾಟಿರುತ್ತದೆ, ಸ್ಮಿಯರ್‌ನಲ್ಲಿ (ಗಾಜಿನ ಮೇಲೆ ಸವರಿ ಸೂಕ್ಷ್ಮದರ್ಶಕದಲ್ಲಿ ನೋಡುವ ರಕ್ತದ ಹನಿಯಲ್ಲಿ) ಒಡೆದ ಕಣಗಳು ಕಾಣುತ್ತವೆ. ಪಕ್ಕೆಲುಬಿನ ಕೆಳಗಿನ ನೋವನ್ನು ಗ್ಯಾಸ್ ಎಂದು ತಳ್ಳಿಹಾಕಿ ತಡವಾಗಿ ಬರುವುದು ಹೆಚ್ಚಾಗಿ ಇಲ್ಲಿಯೇ. ಪ್ರಿಎಕ್ಲಾಂಪ್ಸಿಯಾದಲ್ಲಿ ಹೆಚ್ಚಾಗಿ ಏರುವ ಯೂರಿಕ್ ಆಮ್ಲವೊಂದನ್ನೇ ನಂಬಿ ನಾನು ಹೆರಿಗೆಯ ನಿರ್ಧಾರ ಮಾಡುವುದಿಲ್ಲ.

ಪ್ರಿಎಕ್ಲಾಂಪ್ಸಿಯಾ ಖಚಿತವಾದ ಮೇಲೆ ಈ ಪರೀಕ್ಷೆಗಳನ್ನು ವಾರಕ್ಕೆ ಕನಿಷ್ಠ ಒಮ್ಮೆಯಾದರೂ ಮತ್ತೆ ಮಾಡಿಸಬೇಕಾಗುವುದರಿಂದ ಹಳೆಯ ವರದಿಗಳನ್ನು ತಾಯಿ ಕಾರ್ಡಿನ ಜೊತೆಗೇ ಇಟ್ಟುಕೊಂಡು ಬರುವುದು ಒಳ್ಳೆಯದು. ಆದರೆ ರಕ್ತದೊತ್ತಡ 160/110 ತಲುಪಿ ಅಲ್ಲೇ ನಿಂತರೆ ಯಾವ ವರದಿಗೂ ಕಾಯದೆ ಚಿಕಿತ್ಸೆ ಆರಂಭಿಸುತ್ತೇವೆ.